ಗಿಟ್‌ಹಬ್‌ನ 14 ದಿನದ ಸ್ಲೇಟು: ನಿಮ್ಮ ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಟ್ರಾಫಿಕ್ ಲೆಕ್ಕವನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಹೇಗೆ

ನನ್ನದೊಂದು ಪುಟ್ಟ ಲೈಬ್ರರಿ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳನ್ನು ಯುನಿಕೋಡ್‌ಗೆ ತರುವುದು ಅದರ ಕೆಲಸ. ಒಂದು ವರ್ಷ ರಾಜ್ಯೋತ್ಸವದ ಹೊತ್ತಿಗೆ ಯಾರೋ ಪುಣ್ಯಾತ್ಮರು ಅದರ ಕೊಂಡಿಯನ್ನು ಯಾವುದೋ ಗುಂಪಿನಲ್ಲಿ ಹಂಚಿದರು. ವರ್ಷವಿಡೀ ಸುಮ್ಮನಿದ್ದ ರೆಪೊಗೆ, ಅಂದರೆ ಗಿಟ್‌ಹಬ್ ಸೈಟ್‌ನಲ್ಲಿ ಅದರ ಕೋಡ್ ಇಟ್ಟಿರುವ ಜಾಗಕ್ಕೆ, ಒಂದೇ ವಾರದಲ್ಲಿ ಸಾಲುಸಾಲು ಇಶ್ಯೂ (ದೂರು, ಪ್ರಶ್ನೆಗಳು) ಬಂದವು. ಒಬ್ಬರು ಪ್ಯಾಚ್ ಕೂಡ ಕಳಿಸಿದರು. ಇಷ್ಟು ಜನ ಎಲ್ಲಿಂದ ಬಂದರು, ನೋಡಬೇಕು ಅಂದುಕೊಂಡೆ. ಅಂದುಕೊಂಡಿದ್ದು ನವೆಂಬರ್‌ನಲ್ಲಿ, ನೋಡಿದ್ದು ಡಿಸೆಂಬರ್ ಮಧ್ಯದಲ್ಲಿ. ಗ್ರಾಫ್ ತೆರೆದರೆ ನೆಲಕ್ಕೆ ಅಂಟಿಕೊಂಡ ಒಂದು ಗೆರೆ. ನವೆಂಬರ್ ಅನ್ನುವ ತಿಂಗಳೇ ಅದರಲ್ಲಿ ಇರಲಿಲ್ಲ. ತಪ್ಪು ನನ್ನದೇ, ನಿಯಮ ಮೊದಲೇ ಗೊತ್ತಿತ್ತು.

ಗಿಟ್‌ಹಬ್ ಈ ಟ್ರಾಫಿಕ್ ಲೆಕ್ಕ ತೋರಿಸಲು ಶುರು ಮಾಡಿದ್ದು 2014ರಲ್ಲಿ. ತೋರಿಸುವುದು ಕೊನೆಯ 14 ದಿನದ್ದು ಮಾತ್ರ. ಕಿರಾಣಿ ಅಂಗಡಿಯವರು ದಿನದ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆದು, ರಾತ್ರಿ ಖಾತೆ ಪುಸ್ತಕಕ್ಕೆ ಇಳಿಸಿಕೊಂಡು, ಸ್ಲೇಟು ಒರೆಸುತ್ತಿದ್ದರಲ್ಲ, ಹಾಗೇ. ಗಿಟ್‌ಹಬ್ ಸ್ಲೇಟನ್ನಷ್ಟೇ ಕೊಡುತ್ತದೆ. ಖಾತೆ ಪುಸ್ತಕ ಇಡುವುದು ನಮ್ಮ ಕೆಲಸ. ಆ ಪುಸ್ತಕ ಇಡುವುದು ಹೇಗೆ, ಅದರಲ್ಲಿ ಬಂದ ಅಂಕಿಗಳನ್ನು ಎಷ್ಟು ನಂಬಬಹುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಸಂಜೆಯ ಕೆಲಸ, ಅಷ್ಟೇ.

ಮೊದಲು ಸ್ಲೇಟಿನಲ್ಲಿ ಏನೇನಿದೆ ನೋಡಿ

ನಿಮ್ಮ ರೆಪೊದ ಪುಟದಲ್ಲಿ ಇನ್‌ಸೈಟ್ಸ್ ಅಂತ ಒಂದು ಟ್ಯಾಬ್ ಇದೆ. ಅದರೊಳಗೆ ಎಡಗಡೆ ಟ್ರಾಫಿಕ್. ಪುಶ್ ಮಾಡುವ, ಅಂದರೆ ರೆಪೊಗೆ ಕೋಡ್ ಏರಿಸುವ ಹಕ್ಕು ಇದ್ದವರಿಗೆ ಮಾತ್ರ ಇದು ಕಾಣುತ್ತದೆ. ಬೇರೆಯವರ ಪ್ರಾಜೆಕ್ಟ್‌ನ ಟ್ರಾಫಿಕ್ ನಿಮಗೆ ಸಿಗುವುದಿಲ್ಲ.

ಅಲ್ಲಿ ನಾಲ್ಕು ಲೆಕ್ಕಗಳಿವೆ. ಪುಟ ನೋಡಿದ್ದು ಎಷ್ಟು ಸಲ, ಎಷ್ಟು ಜನ. ಕ್ಲೋನ್ ಮಾಡಿದ್ದು, ಅಂದರೆ ರೆಪೊದ ಪ್ರತಿ ಇಳಿಸಿಕೊಂಡದ್ದು, ಎಷ್ಟು ಸಲ, ಎಷ್ಟು ಜನ. ಯಾವ ಸೈಟ್‌ಗಳಿಂದ ಬಂದರು ಅನ್ನುವ ಮೊದಲ 10ರ ಪಟ್ಟಿ. ರೆಪೊದೊಳಗೆ ಯಾವ ಪುಟಗಳನ್ನು ಜಾಸ್ತಿ ನೋಡಿದರು ಅನ್ನುವ ಇನ್ನೊಂದು 10ರ ಪಟ್ಟಿ. ಮೊದಲಿನ ಎರಡು ಲೆಕ್ಕಗಳು ಗಂಟೆಗೊಮ್ಮೆ ಬದಲಾಗುತ್ತವೆ. ಕೊನೆಯ ಎರಡು ಪಟ್ಟಿಗಳು ದಿನಕ್ಕೊಮ್ಮೆ.

ಈ ನಾಲ್ಕೂ ಎಪಿಐ (ಪ್ರೋಗ್ರಾಮುಗಳು ನೇರವಾಗಿ ಡೇಟಾ ಕೇಳುವ ದಾರಿ) ಮೂಲಕವೂ ಸಿಗುತ್ತವೆ. ವಿಳಾಸದ ಜೋಡಣೆ ಸುಲಭ: ರೆಪೋಸ್, ಆಮೇಲೆ ಮಾಲೀಕರ ಹೆಸರು, ರೆಪೊ ಹೆಸರು, ಟ್ರಾಫಿಕ್, ಕೊನೆಗೆ ವ್ಯೂಸ್ ಅಥವಾ ಕ್ಲೋನ್ಸ್. ಉಳಿದೆರಡಕ್ಕೆ ಟ್ರಾಫಿಕ್ ಆದ ಮೇಲೆ ಪಾಪ್ಯುಲರ್ ಅಂತ ಸೇರಿಸಿ, ಅದರ ಮುಂದೆ ರೆಫರರ್ಸ್ (ಜನ ಬಂದ ಸೈಟ್‌ಗಳು) ಅಥವಾ ಪಾತ್ಸ್ (ನೋಡಿದ ಪುಟಗಳು). ನಿಮ್ಮ ಕಂಪ್ಯೂಟರಿನಲ್ಲಿ ಗಿಟ್‌ಹಬ್‌ನ ಕಮಾಂಡ್ ಲೈನ್ ಟೂಲ್ ಇದ್ದು, ಅದರಲ್ಲಿ ಲಾಗಿನ್ ಆಗಿದ್ದರೆ, ಅದರ ಎಪಿಐ ಕಮಾಂಡಿಗೆ ಈ ವಿಳಾಸ ಕೊಟ್ಟು ಒಮ್ಮೆ ಕೈಯಾರೆ ಓಡಿಸಿ ನೋಡಿ. ಉತ್ತರ ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಬರುತ್ತದೆ. ಅದರ ತಲೆಯಲ್ಲಿ 14 ದಿನದ ಒಟ್ಟು ಕೌಂಟ್ (ಎಷ್ಟು ಸಲ) ಮತ್ತು ಯುನೀಕ್ಸ್ (ಎಷ್ಟು ಜನ) ಇರುತ್ತವೆ. ಅದರ ಕೆಳಗೆ ದಿನಕ್ಕೊಂದು ಸಾಲು: ದಿನಾಂಕ, ಕೌಂಟ್, ಯುನೀಕ್ಸ್.

ಇಲ್ಲೊಂದು ಸೂಕ್ಷ್ಮ ಇದೆ. ದಿನ ಅಂದರೆ ನಮ್ಮ ದಿನ ಅಲ್ಲ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ದಿನ. ಅದು ಶುರುವಾಗುವುದು ನಮ್ಮ ಬೆಳಗಿನ ಐದೂವರೆಗೆ. ನವೆಂಬರ್ 1ರಂದು ಎದ್ದ ತಕ್ಷಣ ಐದು ಗಂಟೆಗೆ ನೀವು ಹೊಸ ಆವೃತ್ತಿಯ ಸುದ್ದಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಮೊದಲ ಅರ್ಧ ಗಂಟೆಯಲ್ಲಿ ನೋಡಲು ಬಂದವರೆಲ್ಲ ಅಕ್ಟೋಬರ್ 31ರ ಲೆಕ್ಕಕ್ಕೆ ಹೋಗುತ್ತಾರೆ. ಪುಸ್ತಕದಲ್ಲಿ ಯುಟಿಸಿ ದಿನಾಂಕವನ್ನೇ ಇಡಿ. ಅದನ್ನು ನಮ್ಮ ಸಮಯಕ್ಕೆ ಬದಲಿಸಲು ಹೋಗಬೇಡಿ. ಗಂಟೆವಾರು ಅಂಕಿ ನಿಮ್ಮ ಕೈಯಲ್ಲಿ ಇಲ್ಲ, ಆದ್ದರಿಂದ ಬದಲಿಸಿದರೆ ಅದು ಬರೀ ಊಹೆ.

ಪುಸ್ತಕ ಎಲ್ಲಿಡಬೇಕು

ಡೇಟಾಬೇಸ್, ಸರ್ವರ್ ಯಾವುದೂ ಬೇಡ. ಒಂದು ರೆಪೊ, ಅದರೊಳಗೆ ಕೆಲವು ಸಿಎಸ್‌ವಿ ಫೈಲುಗಳು ಸಾಕು. ದಿನಕ್ಕೊಂದು ಸಾಲಿನ ಲೆಕ್ಕಕ್ಕೆ ಹತ್ತು ವರ್ಷವಾದರೂ ನಾಲ್ಕು ಸಾವಿರ ಸಾಲು ದಾಟುವುದಿಲ್ಲ. ಆಗಾಗ ಡೇಟಾ ತಂದು ಗಿಟ್‌ಗೆ ಕಮಿಟ್ ಮಾಡುತ್ತಾ (ಬದಲಾವಣೆ ದಾಖಲಿಸುತ್ತಾ) ಹೋಗುವ ಈ ಪದ್ಧತಿಗೆ ಪ್ರೋಗ್ರಾಮರ್ ಸೈಮನ್ ವಿಲಿಸನ್ 2020ರಲ್ಲಿ ಗಿಟ್ ಸ್ಕ್ರೇಪಿಂಗ್ ಅಂತ ಹೆಸರಿಟ್ಟರು. ಫೈಲು ಯಾವಾಗ, ಹೇಗೆ ಬದಲಾಯಿತು ಅನ್ನುವ ಚರಿತ್ರೆ ಗಿಟ್‌ನಲ್ಲಿ ತಾನಾಗಿಯೇ ಉಳಿಯುತ್ತದೆ. ನಿಮ್ಮ ಸ್ಕ್ರಿಪ್ಟ್ ಒಂದು ದಿನ ಎಡವಟ್ಟು ಮಾಡಿ ಫೈಲು ಕೆಡಿಸಿದರೂ ಹಿಂದಿನ ಕಮಿಟ್‌ಗೆ ಹೋಗಬಹುದು.

ಪ್ರಾಜೆಕ್ಟ್‌ನ ರೆಪೊದಲ್ಲೇ ಬೇರೆ ಬ್ರಾಂಚ್ ಮಾಡಿ ಇಡುವವರಿದ್ದಾರೆ. ನನ್ನ ಸಲಹೆ ಬೇರೆ: ಲೆಕ್ಕಕ್ಕೆಂದೇ ಒಂದು ಪ್ರೈವೇಟ್ ರೆಪೊ ಮಾಡಿ. ದಿನಾ ಲೆಕ್ಕ ತರಲು ಬಳಸುವುದು ಗಿಟ್‌ಹಬ್‌ನ ಆಕ್ಷನ್ಸ್ ಸೌಲಭ್ಯವನ್ನು, ಅದರಲ್ಲಿ ತಾನಾಗಿ ಓಡುವ ಕೆಲಸಕ್ಕೆ ವರ್ಕ್‌ಫ್ಲೋ ಅನ್ನುತ್ತಾರೆ. ಬೇರೆ ರೆಪೊ ಯಾಕೆ ಅನ್ನುವುದಕ್ಕೆ ಕಾರಣಗಳಿವೆ. ಪಬ್ಲಿಕ್ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ, ವೇಳಾಪಟ್ಟಿ ಪ್ರಕಾರ ಓಡುವ ವರ್ಕ್‌ಫ್ಲೋಗಳನ್ನು ಗಿಟ್‌ಹಬ್ ತಾನೇ ನಿಲ್ಲಿಸುತ್ತದೆ. ನಮ್ಮಂಥವರ ಪ್ರಾಜೆಕ್ಟ್‌ಗಳಲ್ಲಿ ಎರಡು ತಿಂಗಳು ಒಂದೂ ಕಮಿಟ್ ಇಲ್ಲದೇ ಇರುವುದು ಮಾಮೂಲಿ, ಅಲ್ವಾ? ಎರಡನೆಯದು, ಲೆಕ್ಕದ ವರ್ಕ್‌ಫ್ಲೋ ಓಡುವಾಗ ತನ್ನ ರೆಪೊವನ್ನು ಇಳಿಸಿಕೊಳ್ಳುತ್ತದೆ. ಅದು ಪ್ರಾಜೆಕ್ಟ್‌ನ ರೆಪೊದಲ್ಲೇ ಇದ್ದರೆ ಅಳೆಯುವ ಕೆಲಸವೇ ಕ್ಲೋನ್ ಅಂಕಿಯನ್ನು ಏರಿಸುತ್ತದೆ. ಮೂರನೆಯದು, ಯಾವ ಕಂಪನಿಯ ಒಳಗಿನ ಸೈಟ್‌ನಿಂದ ಜನ ಬಂದರು ಅನ್ನುವುದು ರೆಫರರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ಅದನ್ನು ಊರಿಗೆಲ್ಲ ತೋರಿಸುವುದು ಬೇಡ.

ಪ್ರೈವೇಟ್ ರೆಪೊಗೆ ಆಕ್ಷನ್ಸ್ ನಿಮಿಷಗಳ ಮಿತಿ ಇದೆ. ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ. ನಮ್ಮ ಕೆಲಸ ದಿನಕ್ಕೆ ಒಂದು ನಿಮಿಷದ್ದು. ಆ ಚಿಂತೆ ಬಿಡಿ.

ಟೋಕನ್

ಜಾಸ್ತಿ ಜನ ಎಡವುವುದು ಇಲ್ಲೇ. ಟೋಕನ್ ಅಂದರೆ ಪಾಸ್‌ವರ್ಡ್ ಬದಲು ಪ್ರೋಗ್ರಾಮು ಬಳಸುವ ಗುಟ್ಟಿನ ಕೀಲಿ. ಆಕ್ಷನ್ಸ್ ಪ್ರತಿ ಸಲ ಓಡುವಾಗ ಗಿಟ್‌ಹಬ್ ತಾನೇ ಒಂದು ಟೋಕನ್ ಕೊಡುತ್ತದೆ. ಆದರೆ ಟ್ರಾಫಿಕ್ ಓದಲು ಅದು ಸಾಲದು. ಟ್ರಾಫಿಕ್‌ಗೆ ಬೇಕಾದ್ದು ಅಡ್ಮಿನಿಸ್ಟ್ರೇಶನ್ ಅನ್ನುವ ಪರ್ಮಿಶನ್. ಆ ತಾನಾಗಿ ಸಿಗುವ ಟೋಕನ್‌ಗೆ ಅದನ್ನು ಕೊಡಲು ಬರುವುದಿಲ್ಲ.

ಹಾಗಾಗಿ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ. ಡೆವಲಪರ್ ಸೆಟ್ಟಿಂಗ್ಸ್ ಒಳಗೆ ಫೈನ್-ಗ್ರೇನ್ಡ್ ಟೋಕನ್ ಮಾಡಿ. ಯಾವ ರೆಪೊಗಳ ಲೆಕ್ಕ ಬೇಕೋ ಅವನ್ನು ಮಾತ್ರ ಆರಿಸಿ. ಅಡ್ಮಿನಿಸ್ಟ್ರೇಶನ್ ಎದುರು ರೀಡ್-ಓನ್ಲಿ ಕೊಡಿ. ಹೆಸರು ನೋಡಿ ಗಾಬರಿ ಬೇಡ, ಬರೀ ಓದುವ ಹಕ್ಕು. ಬೇರೆ ಯಾವುದನ್ನೂ ಮುಟ್ಟಬೇಡಿ. ರೆಪೊ ಒಂದು ಸಂಸ್ಥೆಯ ಖಾತೆಯಲ್ಲಿ ಇದ್ದರೆ ಅಲ್ಲಿನ ಅಡ್ಮಿನ್ ಒಪ್ಪಿಗೆ ಕೊಡಬೇಕಾಗಬಹುದು.

ಟೋಕನ್ ಅನ್ನು ಲೆಕ್ಕದ ರೆಪೊದ ಸೆಟ್ಟಿಂಗ್ಸ್‌ನಲ್ಲಿ, ಸೀಕ್ರೆಟ್ಸ್ ಆಂಡ್ ವೇರಿಯಬಲ್ಸ್ ಕೆಳಗಿನ ಆಕ್ಷನ್ಸ್ ವಿಭಾಗದಲ್ಲಿ ಸೀಕ್ರೆಟ್ ಆಗಿ ಇಡಿ. ಸ್ಕ್ರಿಪ್ಟ್ ಒಳಗೆ ಬರೆಯಬೇಡಿ. ಪ್ರೈವೇಟ್ ರೆಪೊ ತಾನೇ ಅನ್ನುವ ಧೈರ್ಯವೂ ಬೇಡ. ಟೋಕನ್‌ಗೆ ನೀವು ಇಟ್ಟ ಗಡುವು ಮುಗಿಯುವ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ವಾರ ಮುಂಚೆಯೇ ಹಾಕಿಕೊಳ್ಳಿ. ಗಡುವು ಮುಗಿದರೆ 401 ಉತ್ತರ ಬರುತ್ತದೆ. ಪರ್ಮಿಶನ್ ಕಮ್ಮಿ ಇದ್ದರೆ 403. ಎರಡನ್ನೂ ನೆನಪಿಟ್ಟುಕೊಂಡರೆ ಅರ್ಧ ತಲೆನೋವು ತಪ್ಪಿತು.

ಸ್ಕ್ರಿಪ್ಟ್ ಏನು ಮಾಡಬೇಕು

ಪೈಥಾನ್, ಶೆಲ್, ನೋಡ್, ಯಾವುದರಲ್ಲಿ ಬೇಕಾದರೂ ಬರೆಯಿರಿ. ಐವತ್ತು ಸಾಲಿನೊಳಗೆ ಮುಗಿಯುತ್ತದೆ. ನಾಲ್ಕು ವಿಳಾಸ ಕರೆಯುವುದು, ಬಂದದ್ದನ್ನು ಬರೆದಿಡುವುದು. ಎಪಿಐ ಮಿತಿ ಟೋಕನ್ ಇದ್ದರೆ ಗಂಟೆಗೆ 5,000 ಕರೆ. ನಮಗೆ ಬೇಕಾದ್ದು ಬೆರಳೆಣಿಕೆ.

ಬುದ್ಧಿ ಬೇಕಾಗುವುದು ಹಳೆಯ ಸಾಲು ಮತ್ತು ಹೊಸ ಸಾಲನ್ನು ಸೇರಿಸುವ ಜಾಗದಲ್ಲಿ. ಪ್ರತಿ ಸಲ 14 ದಿನದ ಲೆಕ್ಕ ಬರುತ್ತದೆ. ನೀವು ದಿನಾ ಓಡಿಸುತ್ತೀರಿ. ಅಂದರೆ ಒಂದೇ ದಿನಾಂಕ ಹತ್ತಕ್ಕಿಂತ ಜಾಸ್ತಿ ಸಲ ಬರುತ್ತದೆ. ಬಂದದ್ದನ್ನೆಲ್ಲ ಫೈಲಿನ ಕೆಳಗೆ ಅಂಟಿಸುತ್ತಾ ಹೋದರೆ, ಒಂದು ತಿಂಗಳಲ್ಲಿ ನಿಮ್ಮ ಪ್ರಾಜೆಕ್ಟ್ ಜಗತ್ಪ್ರಸಿದ್ಧ ಅಂತ ಲೆಕ್ಕ ಹೇಳುತ್ತದೆ!

ಹತ್ತಿರದಿಂದ ನೋಡೋಣ. ನವೆಂಬರ್ 1ರ ಬೆಳಿಗ್ಗೆ ಓಡಿಸಿದಾಗ ಆ ದಿನದ ಸಾಲು ಹೀಗಿದೆ ಅಂತಿಟ್ಟುಕೊಳ್ಳಿ:

2025-11-01, 37, 12

ದಿನ ಇನ್ನೂ ಮುಗಿದಿಲ್ಲ, ಹಾಗಾಗಿ ಇದು ಅರೆಬರೆ. ಮರುದಿನ ಓಡಿಸಿದಾಗ ಅದೇ ದಿನಾಂಕಕ್ಕೆ ಪೂರ್ತಿ ಲೆಕ್ಕ ಬರುತ್ತದೆ:

2025-11-01, 214, 61

ನಿಯಮ ಒಂದೇ. ದಿನಾಂಕವನ್ನು ಕೀ ಅಂತ ಹಿಡಿಯಿರಿ. ಆ ದಿನಾಂಕ ಪುಸ್ತಕದಲ್ಲಿ ಇಲ್ಲದಿದ್ದರೆ ಸೇರಿಸಿ. ಇದ್ದರೆ, ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಇಟ್ಟುಕೊಳ್ಳಿ. ಕೌಂಟ್‌ಗೂ ಹಾಗೇ, ಯುನೀಕ್ಸ್‌ಗೂ ಹಾಗೇ. 37 ಹೋಗಿ 214 ಬರುತ್ತದೆ. ಮುಂದೆ ಆ ದಿನ 14 ದಿನದ ಕಿಟಕಿಯ ಆಚೆಯ ಅಂಚಿಗೆ ಸರಿದು ಅಂಕಿ ಕಮ್ಮಿಯಾಗಿ ಬಂದರೂ 214 ಅಲುಗುವುದಿಲ್ಲ. ಸುಮ್ನೆ ಹೊಸದನ್ನು ಹಳೆಯದರ ಮೇಲೆ ಬರೆದುಬಿಟ್ಟರೆ ಆ ಅಂಚಿನಲ್ಲಿ ಪೆಟ್ಟು ತಿನ್ನುತ್ತೀರಿ.

ಯಾರೂ ಬಾರದ ದಿನಕ್ಕೆ ಸಾಲು ಬಾರದೇ ಇದ್ದರೆ, ಆಮೇಲೆ ಗ್ರಾಫ್ ಬಿಡಿಸುವಾಗ ಅಲ್ಲಿ ಸೊನ್ನೆ ತುಂಬಿ. ಆದರೆ ಸ್ಕ್ರಿಪ್ಟ್ ಓಡದೇ ಕಳೆದುಹೋದ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಇವೆರಡನ್ನು ಬೇರೆ ಮಾಡಬೇಕಾದರೆ ಸ್ಕ್ರಿಪ್ಟ್ ಯಾವ ಯಾವ ದಿನ ಸರಿಯಾಗಿ ಓಡಿತು ಅನ್ನುವ ಒಂದು ಚಿಕ್ಕ ಫೈಲೂ ಬೇಕು. ದಿನಾಂಕ ಒಂದೇ ಸಾಕು.

ರೆಫರರ್ ಮತ್ತು ಪುಟಗಳ ಪಟ್ಟಿಗೆ ಈ ನಿಯಮ ನಡೆಯುವುದಿಲ್ಲ. ಅವುಗಳಲ್ಲಿ ದಿನವಾರು ವಿಂಗಡಣೆ ಇಲ್ಲ. ಕೊಡುವುದು 14 ದಿನದ ಒಟ್ಟು ಮೊತ್ತ ಅಷ್ಟೇ. ಅದಕ್ಕೆ ಅವನ್ನು ಫೋಟೊ ತೆಗೆದ ಹಾಗೆ ಇಡಿ: ತಂದ ದಿನಾಂಕ, ಸೈಟ್ ಹೆಸರು, ಕೌಂಟ್, ಯುನೀಕ್ಸ್. ಇವತ್ತಿನ ಫೋಟೊ ಮತ್ತು ನಾಳೆಯ ಫೋಟೊದಲ್ಲಿ ಹೆಚ್ಚುಕಮ್ಮಿ ಅವೇ ಮುಖಗಳು ಇರುತ್ತವೆ. ಕೂಡಲು ಹೋಗಬೇಡಿ. ಮೊತ್ತ ಬೇಕೆಂದರೆ 14 ದಿನಕ್ಕೊಂದರಂತೆ ಫೋಟೊ ಆರಿಸಿ ಕೌಂಟ್ ಮಾತ್ರ ಕೂಡಿ. ಆಗಲೂ 10ರ ಪಟ್ಟಿಯಿಂದ ಹೊರಗುಳಿದ ಸೈಟ್‌ಗಳು ಲೆಕ್ಕಕ್ಕೆ ಸಿಗುವುದಿಲ್ಲ. ವಾಟ್ಸ್ಆ್ಯಪ್, ಟೆಲಿಗ್ರಾಂ ಥರದ ಆ್ಯಪ್‌ಗಳಲ್ಲಿ ಒತ್ತಿ ಬಂದವರು ಸಾಮಾನ್ಯವಾಗಿ ಯಾವ ಸೈಟ್ ಹೆಸರನ್ನೂ ಹೊತ್ತು ತರುವುದಿಲ್ಲ. ನನ್ನ ಆ ನವೆಂಬರ್‌ನ ಪಟ್ಟಿ ಉಳಿದಿದ್ದರೂ ಯಾವ ಗುಂಪು ಅಂತ ಗೊತ್ತಾಗುತ್ತಿರಲಿಲ್ಲವೇನೋ.

ಯುನೀಕ್ಸ್ ಕೂಡಬೇಡಿ, ದಯವಿಟ್ಟು

ಇದಕ್ಕೆ ಬೇರೆ ವಿಭಾಗವೇ ಬೇಕು. ಯಾಕೆಂದರೆ ಎಷ್ಟೋ ಪ್ರಾಜೆಕ್ಟ್‌ಗಳ ಸ್ಲೈಡುಗಳಲ್ಲಿ ಈ ತಪ್ಪು ನೋಡಿದ್ದೇನೆ.

ಮೂರು ಜನ ಇದ್ದಾರೆ. ಮೂವರೂ 14 ದಿನ ದಿನಕ್ಕೊಮ್ಮೆ ನಿಮ್ಮ ಪುಟ ನೋಡುತ್ತಾರೆ. ಪ್ರತಿ ದಿನದ ಯುನೀಕ್ಸ್ 3. ಹದಿನಾಲ್ಕು ಸಾಲು ಕೂಡಿದರೆ 42. ಆದರೆ ಬಂದವರು ಮೂರೇ ಜನ. ವ್ಯೂಸ್ ಕೂಡಬಹುದು, ಅದು ಸಲಗಳ ಲೆಕ್ಕ. ಯುನೀಕ್ಸ್ ಜನರ ಲೆಕ್ಕ, ದಿನದಿಂದ ದಿನಕ್ಕೆ ಅದೇ ಜನ ಮತ್ತೆ ಬರುತ್ತಾರೆ. "ಈ ವರ್ಷ ಒಟ್ಟು ಇಷ್ಟು ಸಾವಿರ ಜನ ಬಂದರು" ಅನ್ನುವ ವಾಕ್ಯವನ್ನು ಈ ಡೇಟಾದಿಂದ ಬರೆಯಲು ಆಗುವುದೇ ಇಲ್ಲ.

ಹಾಗಾದರೆ ಏನು ಮಾಡಬಹುದು? ಎರಡು ದಾರಿ ಇವೆ. ಒಂದು, ಜೇಸನ್‌ನ ತಲೆಯಲ್ಲಿ ಬರುವ 14 ದಿನದ ಯುನೀಕ್ಸ್ ಅನ್ನು ದಿನಾಂಕದ ಜೊತೆ ಬೇರೆ ಫೈಲಿನಲ್ಲಿ ಇಡಿ. ಅದು ನಿಜವಾಗಿ ಎರಡು ವಾರದಲ್ಲಿ ಬಂದವರ ಲೆಕ್ಕ. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ವ್ಯೂಸ್, ಕ್ಲೋನ್ಸ್ ವಿಳಾಸದ ಕೊನೆಗೆ ಪರ್ ಅನ್ನುವ ಆಯ್ಕೆ ಕೊಡಬಹುದು. ಅದಕ್ಕೆ ವೀಕ್ ಅಂತ ಕೊಟ್ಟರೆ ವಾರದ ಲೆಕ್ಕ ಬರುತ್ತದೆ, ಸೋಮವಾರದಿಂದ ಶುರುವಾಗುವ ವಾರ. ಯಾವುದೇ 14 ದಿನ ತಗೊಂಡರೂ ಅದರೊಳಗೆ ಸೋಮವಾರದಿಂದ ಭಾನುವಾರದವರೆಗಿನ ಒಂದು ಪೂರ್ತಿ ವಾರ ಇದ್ದೇ ಇರುತ್ತದೆ. ಆದ್ದರಿಂದ ದಿನಾ ತಂದು, ದೊಡ್ಡದನ್ನು ಇಟ್ಟುಕೊಳ್ಳುವ ಅದೇ ನಿಯಮ ಹಾಕಿದರೆ ಪ್ರತಿ ವಾರದ ಪೂರ್ತಿ ಯುನೀಕ್ಸ್ ಸಿಗುತ್ತದೆ. ವಾರಕ್ಕೆ ಸರಾಸರಿ ಎಷ್ಟು ಜನ ಅಂತ ಹೇಳಬಹುದು. ಅದು ಪ್ರಾಮಾಣಿಕ ಮಾತು.

ವರ್ಕ್‌ಫ್ಲೋ ಹೂಡುವುದು

ಲೆಕ್ಕದ ರೆಪೊದಲ್ಲಿ ಡಾಟ್ ಗಿಟ್‌ಹಬ್ ಫೋಲ್ಡರ್, ಅದರೊಳಗೆ ವರ್ಕ್‌ಫ್ಲೋಸ್ ಫೋಲ್ಡರ್, ಅದರಲ್ಲೊಂದು ಯಾಮಲ್ ಫೈಲ್. ಶೆಡ್ಯೂಲ್ ಕೆಳಗೆ ಕ್ರಾನ್ ಸಾಲು, ಅಂದರೆ ಯಾವಾಗ ಓಡಬೇಕು ಅನ್ನುವ ಸೂಚನೆ:

17 3 * * *

ಅಂದರೆ ದಿನಾ ಯುಟಿಸಿ 3 ಗಂಟೆ 17 ನಿಮಿಷ, ನಮಗೆ ಬೆಳಿಗ್ಗೆ 8:47. 17 ಯಾಕೆ? ಗಂಟೆ ಬಡಿಯುವ ಹೊತ್ತಿಗೆ ಜಗತ್ತಿನವರೆಲ್ಲರ ಕ್ರಾನ್ ಒಟ್ಟಿಗೆ ಏಳುತ್ತದೆ. ಆಗ ಸಾಲು ಉದ್ದವಾಗಿ ನಿಮ್ಮ ಸರದಿ ತಡವಾಗುತ್ತದೆ, ಕೆಲವೊಮ್ಮೆ ಕೈತಪ್ಪಲೂಬಹುದು. ಗಂಟೆಯ ನಡುವಿನ ಯಾವುದೋ ಬೆಸ ನಿಮಿಷ ಹಿಡಿಯಿರಿ. ತಡವಾದರೂ ನಮಗೆ ನಷ್ಟವಿಲ್ಲ. ಸತತ ಹತ್ತು ದಿನ ಓಡದಿದ್ದರೂ 14 ದಿನದ ಕಿಟಕಿ ನಮ್ಮನ್ನು ಕಾಪಾಡುತ್ತದೆ.

ಅದರ ಜೊತೆಗೆ ವರ್ಕ್‌ಫ್ಲೋ ಡಿಸ್ಪ್ಯಾಚ್ ಅನ್ನುವ ಇನ್ನೊಂದು ಪ್ರಚೋದಕವನ್ನೂ ಸೇರಿಸಿ. ಆಗ ಆಕ್ಷನ್ಸ್ ಟ್ಯಾಬ್‌ನಲ್ಲಿ ಗುಂಡಿ ಒತ್ತಿ ಕೈಯಾರೆ ಓಡಿಸಬಹುದು. ಮೊದಲ ದಿನ ಪರೀಕ್ಷೆಗೆ ಬೇಕೇ ಬೇಕು.

ಪರ್ಮಿಶನ್ಸ್ ಕೆಳಗೆ ಕಂಟೆಂಟ್ಸ್‌ಗೆ ರೈಟ್ ಕೊಡಿ. ಇಲ್ಲದಿದ್ದರೆ ಡೇಟಾ ತಂದು ಪುಶ್ ಮಾಡುವಾಗ ಬಾಗಿಲು ಮುಚ್ಚಿರುತ್ತದೆ. ಈ ಪುಶ್‌ಗೆ ತಾನಾಗಿ ಸಿಗುವ ಟೋಕನ್ ಸಾಕು. ಸೀಕ್ರೆಟ್‌ನಲ್ಲಿಟ್ಟ ಟೋಕನ್ ಬರೀ ಓದಲು. ಎರಡು ಬೀಗಕ್ಕೆ ಎರಡು ಕೀಲಿ.

ಉಳಿದ ಹೆಜ್ಜೆಗಳು: ರೆಪೊ ಚೆಕ್‌ಔಟ್, ಸ್ಕ್ರಿಪ್ಟ್ ಓಡಿಸುವುದು, ಕಮಿಟ್, ಪುಶ್. ಕಮಿಟ್‌ಗೆ ಮುಂಚೆ ಏನಾದರೂ ಬದಲಾಗಿದೆಯಾ ಅಂತ ನೋಡಿ. ಏನೂ ಬದಲಾಗದಿದ್ದರೆ ಗಿಟ್ ಕಮಿಟ್ ದೋಷದ ಸೂಚನೆ ಕೊಟ್ಟು ನಿಲ್ಲುತ್ತದೆ, ವರ್ಕ್‌ಫ್ಲೋ ಕೆಂಪಾಗುತ್ತದೆ, ನಿಮಗೆ ಮೇಲ್ ಬರುತ್ತದೆ. ನಾಲ್ಕು ಸಲ ಸುಳ್ಳು ಮೇಲ್ ಬಂದರೆ ಐದನೆಯ ನಿಜವಾದ ಮೇಲನ್ನು ನೀವು ನೋಡುವುದೇ ಇಲ್ಲ. ಅದೇ ಕಾರಣಕ್ಕೆ, ಎಪಿಐ 200 ಬಿಟ್ಟು ಬೇರೆ ಏನು ಕೊಟ್ಟರೂ ಸ್ಕ್ರಿಪ್ಟ್ ಜೋರಾಗಿ ಬೀಳಬೇಕು. ತಪ್ಪನ್ನು ನುಂಗಿಕೊಂಡು ಹಸಿರು ತೋರಿಸುವ ಸ್ಕ್ರಿಪ್ಟ್‌ಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇದೆಲ್ಲ ನೀವೇ ಬರೆಯಲೇಬೇಕು ಅಂತೇನಿಲ್ಲ. ಗಿಟ್‌ಹಬ್-ರೆಪೊ-ಸ್ಟ್ಯಾಟ್ಸ್ ಅನ್ನುವ ಸಿದ್ಧ ಆಕ್ಷನ್ ಇದೆ, ಡೇಟಾ ತಂದು ಕೂಡಿಸಿ ವರದಿಯನ್ನೂ ಮಾಡಿಕೊಡುತ್ತದೆ. ಆತುರ ಇದ್ದರೆ ಅದನ್ನೇ ಹಾಕಿ. ಆದರೂ ಒಮ್ಮೆ ಕೈಯಾರೆ ಬರೆದವರಿಗೆ ಅಂಕಿಗಳ ಬುಡ ಗೊತ್ತಿರುತ್ತದೆ. ಗಿಟ್‌ಲ್ಯಾಬ್‌ನಲ್ಲಿ ಇರುವವರಿಗೆ ಅಲ್ಲಿನ ಎಪಿಐ ಕೊನೆಯ 30 ದಿನದ ಫೆಚ್ ಲೆಕ್ಕ ಕೊಡುತ್ತದೆ. ಕಿಟಕಿ ದೊಡ್ಡದು, ಪದ್ಧತಿ ಇದೇ.

ಹಿಂದಿನದ್ದು ಎಷ್ಟು ಸಿಗುತ್ತದೆ

ವ್ಯೂಸ್, ಕ್ಲೋನ್ಸ್, ರೆಫರರ್: ಹೋಯಿತೆಂದರೆ ಹೋಯಿತು. ಆದರೆ ಎಲ್ಲದಕ್ಕೂ ಆ ಗತಿ ಇಲ್ಲ.

ಸ್ಟಾರ್‌ಗಳ (ರೆಪೊ ಮೆಚ್ಚಿದವರು ಒತ್ತುವ ಗುರುತು) ಚರಿತ್ರೆ ಸಿಗುತ್ತದೆ. ಸ್ಟಾರ್ ಕೊಟ್ಟವರ ಪಟ್ಟಿ ಕೇಳುವಾಗ, ಅಕ್ಸೆಪ್ಟ್ ಹೆಡರ್‌ನಲ್ಲಿ ಸ್ಟಾರ್‌ಗಳ ವಿಶೇಷ ಮಾದರಿ ಬೇಕು ಅಂತ ಹೇಳಿದರೆ ಯಾವಾಗ ಕೊಟ್ಟರು ಅನ್ನುವ ಸಮಯವೂ ಬರುತ್ತದೆ. ಆದರೆ ಕೊಟ್ಟು ವಾಪಸ್ ತಗೊಂಡವರು ಅದರಲ್ಲಿ ಇರುವುದಿಲ್ಲ. ಅವರನ್ನೂ ಲೆಕ್ಕ ಹಾಕುವ ಹಟ ಇದ್ದರೆ ಜಿಎಚ್ ಆರ್ಕೈವ್ ಇದೆ. ಗಿಟ್‌ಹಬ್‌ನ ಸಾರ್ವಜನಿಕ ಚಟುವಟಿಕೆಗಳನ್ನು 2011ರಿಂದ ಗಂಟೆಗೊಂದು ಫೈಲಿನಂತೆ ಅದು ಕೂಡಿಡುತ್ತಿದೆ. ಸ್ಟಾರ್, ಫೋರ್ಕ್, ಇಶ್ಯೂ ಅಲ್ಲಿ ಸಿಗುತ್ತವೆ. ಟ್ರಾಫಿಕ್ ಮಾತ್ರ ಸಿಗದು, ಅದು ಸಾರ್ವಜನಿಕ ಅಲ್ಲ.

ರಿಲೀಸ್‌ಗೆ ಲಗತ್ತಿಸಿದ ಫೈಲುಗಳ ಡೌನ್‌ಲೋಡ್ ಅಂಕಿಯೂ ಎಪಿಐಯಲ್ಲಿ ಇದೆ. ಅದು ಶುರುವಿನಿಂದ ಇಲ್ಲಿಯವರೆಗಿನ ಒಟ್ಟು, ದಿನವಾರು ಅಲ್ಲ. ಹಾಗಾಗಿ ದಿನಾ ಬರೆದಿಟ್ಟು ನಿನ್ನೆಯದನ್ನು ಇವತ್ತಿನದರಿಂದ ಕಳೆಯಬೇಕು. ಅದೇ ಫೈಲನ್ನು ಅಳಿಸಿ ಮತ್ತೆ ಏರಿಸಿದರೆ ಎಣಿಕೆ ಸೊನ್ನೆಯಿಂದ ಶುರು. ಕಳೆದಾಗ ಋಣ ಅಂಕಿ ಬಂದರೆ ಗಾಬರಿಯಾಗಬೇಡಿ, ಇದೇ ಕಾರಣ. ಗಿಟ್‌ಹಬ್ ತಾನೇ ಮಾಡಿಕೊಡುವ ಸೋರ್ಸ್ ಕೋಡ್ ಜಿಪ್ ಈ ಲೆಕ್ಕದಲ್ಲಿ ಬರುವುದಿಲ್ಲ. ಡಾಕರ್ ಹಬ್‌ನ ಪುಲ್ ಅಂಕಿಯೂ ಇಂಥದ್ದೇ, ಬರೀ ಒಟ್ಟು.

ಪ್ಯಾಕೇಜ್ ಕಣಜಗಳು ಇನ್ನೂ ಉದಾರಿಗಳು. ಜಾವಾಸ್ಕ್ರಿಪ್ಟ್‌ನವರ ಎನ್‌ಪಿಎಂ 2015ರ ಜನವರಿ 10ರಿಂದ ಇಲ್ಲಿಯವರೆಗಿನ ದಿನವಾರು ಲೆಕ್ಕ ಕೊಡುತ್ತದೆ. ಒಂದು ಸಲಕ್ಕೆ 18 ತಿಂಗಳಷ್ಟೇ ಕೇಳಬಹುದು, ಹಾಗಾಗಿ ತುಂಡು ತುಂಡಾಗಿ ಕೇಳಿ. ಪೈಥಾನ್‌ನವರಿಗೆ ಪೈಪಿಐ ಸ್ಟ್ಯಾಟ್ಸ್ ಸೈಟ್‌ನಲ್ಲಿ ಕೊನೆಯ 180 ದಿನ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಾದರೆ ಗೂಗಲ್‌ನ ಬಿಗ್‌ಕ್ವೆರಿಯಲ್ಲಿ ಪೈಪಿಐನ ಸಾರ್ವಜನಿಕ ಡೇಟಾ ಇದೆ. ತಿಂಗಳಿಗೆ ಒಂದು ಟೆರಾಬೈಟ್ ಓದುವವರೆಗೆ ಉಚಿತ. ಆದರೆ ಆ ಟೇಬಲ್ ಭಾರಿ ದೊಡ್ಡದು. ದಿನಾಂಕದ ಮಿತಿ ಹಾಕದೇ ಒಂದು ಕ್ವೆರಿ ಓಡಿಸಿದರೆ ತಿಂಗಳ ಪಾಲು ಒಂದೇ ಏಟಿಗೆ ಖಾಲಿ. ಅದರಲ್ಲಿ ಒಂದು ಚಂದದ ಅಂಕಣ ಇದೆ: ಡೌನ್‌ಲೋಡ್ ಮಾಡಿದ್ದು ಸಿಐ ಯಂತ್ರವಾ (ಕೋಡ್ ಬದಲಾದಾಗ ತಾನಾಗಿ ಟೆಸ್ಟ್ ಓಡಿಸುವುದು) ಅನ್ನುವುದು. ಪೈಥಾನ್ ಪ್ಯಾಕೇಜ್ ಇಳಿಸುವ ಟೂಲ್ ಪಿಪ್ ತಾನೇ ಈ ಮಾಹಿತಿ ಕಳಿಸುತ್ತದೆ. ಅದನ್ನು ಹಿಡಿದು ಸೋಸಿ ನೋಡಿ. ಅಹಂ ಸ್ವಲ್ಪ ಇಳಿಯಬಹುದು.

ಡಾಕ್ಯುಮೆಂಟೇಶನ್ ಸೈಟ್ ಗಿಟ್‌ಹಬ್ ಪೇಜಸ್‌ನಲ್ಲಿದ್ದರೆ ಸರ್ವರ್ ಲಾಗ್ ನಿಮಗೆ ಸಿಗುವುದಿಲ್ಲ. ಗೋಟ್‌ಕೌಂಟರ್, ಪ್ಲಾಸಿಬಲ್, ಮಟೋಮೊ ಥರದ ಓಪನ್ ಸೋರ್ಸ್ ಸಾಧನ ಹಾಕಿ. ಮೊದಲಿನ ಎರಡು ಕುಕಿ ಇಲ್ಲದೇ ಕೆಲಸ ಮಾಡುತ್ತವೆ. ಗೂಗಲ್ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತದೆ, ಅದನ್ನೂ ವರ್ಷಕ್ಕೊಮ್ಮೆ ಇಳಿಸಿಕೊಳ್ಳಿ. ಯಾವ ಸಾಧನ ಹಾಕಿದರೂ ಸಿಎಸ್‌ವಿ ಹೊರತೆಗೆದು ಇದೇ ಪುಸ್ತಕಕ್ಕೆ ಸೇರಿಸುವ ಅಭ್ಯಾಸ ಇರಲಿ. ಗೂಗಲ್ ಅನಲಿಟಿಕ್ಸ್‌ನ ಹಳೆಯ ಯೂನಿವರ್ಸಲ್ ಆವೃತ್ತಿ 2023ರ ಜುಲೈ 1ರಂದು ಹೊಸ ಡೇಟಾ ತಗೊಳ್ಳುವುದನ್ನು ನಿಲ್ಲಿಸಿತು. ಮರುವರ್ಷ ಹಳೆಯ ಡೇಟಾಕ್ಕೂ ಬಾಗಿಲು ಹಾಕಿತು. ಇಳಿಸಿಟ್ಟುಕೊಂಡವರ ಬಳಿ ಮಾತ್ರ ಆ ವರ್ಷಗಳ ಲೆಕ್ಕ ಉಳಿಯಿತು.

ಸಾಫ್ಟ್‌ವೇರ್ ಒಳಗೇ ಎಣಿಕೆಯ ಕೋಡ್ ಇಡುವ ಯೋಚನೆ ಬಂದರೆ ನಿಧಾನ. 2023ರಲ್ಲಿ ಗೋ ಪ್ರೋಗ್ರಾಮಿಂಗ್ ಭಾಷೆಯ ತಂಡ ತನ್ನ ಟೂಲ್‌ಚೈನ್‌ನಲ್ಲಿ ಟೆಲಿಮೆಟ್ರಿ (ಬಳಕೆಯ ಲೆಕ್ಕ ತಾನಾಗಿ ಕಳಿಸುವುದು) ತರುವ ಪ್ರಸ್ತಾಪ ಇಟ್ಟಾಗ ಜನ ತಿರುಗಿಬಿದ್ದರು. ಬಳಸುವವರು ತಾವಾಗಿ ಒಪ್ಪಿದರೆ ಮಾತ್ರ ಅಂತ ಕೊನೆಗೆ ಬದಲಿಸಬೇಕಾಯಿತು. ಪುಟ್ಟ ಪ್ರಾಜೆಕ್ಟ್‌ಗೆ ಆ ಜಗಳ ಬೇಡ.

ಅಂಕಿ ಓದುವುದು

ಮೂರು ತಿಂಗಳು ಸುಮ್ಮನಿರಿ. ಅಲ್ಲಿಯವರೆಗೆ ಗ್ರಾಫ್ ನೋಡಿ ಏನೂ ತಿಳಿಯುವುದಿಲ್ಲ.

ಆಮೇಲೆ ನೋಡುವಾಗ ದಿನದ ಗ್ರಾಫ್ ಬಿಟ್ಟು ವಾರದ ಗ್ರಾಫ್ ಬಿಡಿಸಿ. ಪ್ರೋಗ್ರಾಮರುಗಳು ಶನಿವಾರ, ಭಾನುವಾರ ಕಮ್ಮಿ ಬರುತ್ತಾರೆ. ದಿನದ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ. ಸರಾಸರಿ ಬದಲು ಮಧ್ಯದ ಬೆಲೆ (ಮೀಡಿಯನ್) ನೋಡಿ, ಅಂದರೆ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು. ಒಂದು ದಿನ ಎಲ್ಲೋ ಸುದ್ದಿಯಾಗಿ ಬಂದ ಜನಸಾಗರ ಇಡೀ ತಿಂಗಳ ಸರಾಸರಿಯನ್ನು ಎತ್ತಿಬಿಡುತ್ತದೆ, ಮಧ್ಯದ ಬೆಲೆಯನ್ನು ಅಷ್ಟಾಗಿ ಅಲ್ಲಾಡಿಸುವುದಿಲ್ಲ. ನಿಜವಾದ ಪ್ರಶ್ನೆ ಆ ಗುಡ್ಡದ ಎತ್ತರ ಅಲ್ಲ. ಗುಡ್ಡ ಇಳಿದ ಮೇಲೆ ನೆಲ ಮೊದಲಿಗಿಂತ ಸ್ವಲ್ಪವಾದರೂ ಮೇಲೆ ನಿಂತಿತಾ? ಅದನ್ನು ನೋಡಿ.

ಕ್ಲೋನ್ ಅಂಕಿ ಬಗ್ಗೆ ಅನುಮಾನ ಇರಲಿ. ನೂರಾರು ಕ್ಲೋನ್ ಇದ್ದು ಯುನೀಕ್ ಬೆರಳೆಣಿಕೆ ಇದ್ದರೆ ಅದು ಯಂತ್ರ. ಹೆಚ್ಚಾಗಿ ನಿಮ್ಮದೇ ಸಿಐ. ನೀವು ಐದು ಪೈಥಾನ್ ಆವೃತ್ತಿಯಲ್ಲಿ ಟೆಸ್ಟ್ ಓಡಿಸುತ್ತಿದ್ದರೆ ಪ್ರತಿ ಪುಶ್‌ಗೆ ಐದು ಸಲ ರೆಪೊ ಇಳಿಯುತ್ತದೆ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಕ್ಲೋನ್ ಇರುವ ವಾರ ಯಾವುದು ಗೊತ್ತಾ? ನಾನೊಂದು ಟೆಸ್ಟ್ ಸರಿ ಮಾಡಲು ಒದ್ದಾಡಿ ಮೇಲಿಂದ ಮೇಲೆ ಪುಶ್ ಮಾಡಿದ ವಾರ.

ಇನ್ನೊಂದು ಫೈಲ್ ಇಡಿ: ಘಟನೆಗಳ ಫೈಲ್. ದಿನಾಂಕ, ಏನಾಯಿತು. ಹೊಸ ಆವೃತ್ತಿ ಬಿಟ್ಟಿದ್ದು, ರೀಡ್‌ಮಿ ಪೂರ್ತಿ ಬದಲಿಸಿದ್ದು, ಬೆಂಗಳೂರಿನಲ್ಲಿ ಇಂಡಿಯಾಫಾಸ್ ಸಮ್ಮೇಳನಕ್ಕೆ ಹೋಗಿ ನಾಲ್ಕು ಜನರಿಗೆ ತೋರಿಸಿದ್ದು, ಸಿಐ ಬದಲಿಸಿದ್ದು. ಇದನ್ನು ಯಾವ ಸ್ಕ್ರಿಪ್ಟೂ ಬರೆಯುವುದಿಲ್ಲ, ಕೈಯಾರೆ ಬರೆಯಬೇಕು. ಎರಡು ವರ್ಷದ ನಂತರ ಗ್ರಾಫ್‌ನಲ್ಲಿ ಒಂದು ಉಬ್ಬು ಕಂಡಾಗ ನೆನಪು ಕೈಕೊಡುತ್ತದೆ, ಈ ಫೈಲ್ ಕೈಕೊಡುವುದಿಲ್ಲ.

ಪುಟಗಳ ಪಟ್ಟಿಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ನನಗೆ ಅದೇ ಜಾಸ್ತಿ ಕೆಲಸಕ್ಕೆ ಬಂದಿದ್ದು. ನನ್ನ ಲೈಬ್ರರಿಯಲ್ಲಿ ಜನ ಕೋಡ್‌ಗಿಂತ ಹೆಚ್ಚು ತೆರೆಯುತ್ತಿದ್ದದ್ದು ಅಕ್ಷರಗಳ ಹೊಂದಾಣಿಕೆಯ ಕೋಷ್ಟಕದ ಫೈಲನ್ನು. ಯಾವ ಹಳೆಯ ಫಾಂಟ್‌ನ ಯಾವ ಕೋಡ್ ಯಾವ ಯುನಿಕೋಡ್ ಅಕ್ಷರ ಅನ್ನುವ ಪಟ್ಟಿ ಅದು. ಬಂದವರಿಗೆ ಲೈಬ್ರರಿ ಬೇಕಿರಲಿಲ್ಲ, ಕೋಷ್ಟಕ ಬೇಕಿತ್ತು. ಅದನ್ನು ಬೇರೆ ತೆಗೆದು, ಒಂದು ವಿವರಣೆ ಬರೆದು, ರೀಡ್‌ಮಿಯ ಮೇಲ್ಗಡೆ ಹಾಕಿದೆ.

ಅಂಕಿಯನ್ನು ಬೇರೆಯವರಿಗೆ ಹೇಳುವಾಗ

ಒಂದಲ್ಲ ಒಂದು ದಿನ ಈ ಲೆಕ್ಕವನ್ನು ಯಾರಿಗಾದರೂ ತೋರಿಸಬೇಕಾಗುತ್ತದೆ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರ್ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ. ಇಂಥ ಕಡೆ ಅರ್ಜಿ ಹಾಕುವಾಗ, ಕಾಲೇಜಿನಲ್ಲಿ ಪ್ರಾಜೆಕ್ಟ್ ಬಗ್ಗೆ ಮಾತಾಡುವಾಗ, ಅಥವಾ ಆಫೀಸಿನಲ್ಲಿ ವಾರಕ್ಕೆ ಅರ್ಧ ದಿನ ಇದಕ್ಕೆ ಕೊಡಿ ಅಂತ ಕೇಳುವಾಗ, ಎದುರಿನವರು ಕೇಳುವುದು ಒಂದೇ: "ಎಷ್ಟು ಜನ ಬಳಸ್ತಾರೆ ಇದನ್ನ?"

ಎಷ್ಟು ಜನ ಬಳಸುತ್ತಾರೆ ಅಂತ ಈ ಪುಸ್ತಕ ಹೇಳುವುದಿಲ್ಲ. ಎಷ್ಟು ಜನ ಬಂದು ನೋಡಿದರು ಅಂತ ಹೇಳುತ್ತದೆ. ಆದ್ದರಿಂದ ಯಾವ ಅಂಕಿ, ಯಾವ ಅವಧಿ, ಏನು ಬಿಟ್ಟು ಎಣಿಸಿದ್ದು, ಮೂರನ್ನೂ ಸೇರಿಸಿ ಬರೆಯಿರಿ. ನಾನು ಬರೆಯುವ ಮಾದರಿ ಹೀಗಿದೆ, ಖಾಲಿ ಜಾಗದಲ್ಲಿ ನಿಮ್ಮ ಅಂಕಿ ತುಂಬಿಕೊಳ್ಳಿ:

"ಕಳೆದ 52 ವಾರಗಳಲ್ಲಿ ರೆಪೊ ಪುಟ ನೋಡಿದವರು ವಾರಕ್ಕೆ ___ ಜನ, ಇದು ಮಧ್ಯದ ಬೆಲೆ. ಅದರ ಹಿಂದಿನ 52 ವಾರಗಳಲ್ಲಿ ___ ಇತ್ತು. ಪೈಪಿಐ ಡೌನ್‌ಲೋಡ್, ಮಿರರ್ (ನಕಲು ಇಡುವ ಸರ್ವರ್) ಮತ್ತು ಸಿಐ ಬಿಟ್ಟು, ತಿಂಗಳಿಗೆ ___. ಸ್ಕ್ರಿಪ್ಟ್ ಓಡದೇ ಎರಡು ವಾರಗಳ ಅಂಕಿ ಕಳೆದುಹೋಗಿದೆ, ಅವನ್ನು ಲೆಕ್ಕಕ್ಕೆ ತಗೊಂಡಿಲ್ಲ."